ಬ್ಯಾಟರಿ ತುಂಬಿದೆ, ಕ್ಯಾಂಪಿಂಗ್ ಫ್ರಿಜ್ ಮಾತ್ರ ಓಡುತ್ತಿಲ್ಲ: ತೊಂದರೆ ಹುಡುಕುವ ದಾರಿ

ಕಾರಿನ ಡಿಕ್ಕಿಯಲ್ಲಿ ಒಂದು 12 ವೋಲ್ಟ್ ಫ್ರಿಜ್, ಪಕ್ಕದಲ್ಲಿ ಒಂದು ಪೋರ್ಟಬಲ್ ಪವರ್ ಸ್ಟೇಷನ್, ಅಂದರೆ ಸಾಕೆಟ್‌ಗಳಿರುವ, ಹೊತ್ತೊಯ್ಯುವ ಬ್ಯಾಟರಿ ಪೆಟ್ಟಿಗೆ. ಸಕಲೇಶಪುರದ ಹತ್ತಿರ ತೋಟದಲ್ಲಿ ಟೆಂಟ್ ಹಾಕುವವರಿಂದ ಹಿಡಿದು ಬೆಂಗಳೂರಿನಿಂದ ಲಡಾಖ್‌ಗೆ ಗಾಡಿ ಓಡಿಸಿಕೊಂಡು ಹೋಗುವವರ ತನಕ ತುಂಬಾ ಜನ ಈಗ ಈ ಜೋಡಿಯನ್ನು ನೆಚ್ಚಿಕೊಂಡಿದ್ದಾರೆ. ಕೈಕೊಟ್ಟಾಗ ಮೊದಲು ಬೈಗುಳ ಬೀಳುವುದು ಬ್ಯಾಟರಿಗೆ, ಆಮೇಲೆ ಫ್ರಿಜ್‌ಗೆ. ಆದರೆ ಹೆಚ್ಚಿನ ಸಲ ಎರಡೂ ಚೆನ್ನಾಗಿಯೇ ಇರುತ್ತವೆ. ತಪ್ಪು ಇರುವುದು ನಡುವೆ: ವೈರು, ಪ್ಲಗ್, ಇಲ್ಲವೇ ಯಾರೂ ಗಮನಿಸದ ಒಂದು ಸೆಟ್ಟಿಂಗ್. ಅದಕ್ಕೇ ಇಲ್ಲಿ ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ, ಮೀಟರ್ ಹಿಡಿಯುವ ಕೆಲಸ ಆಮೇಲೆ.

ವೋಲ್ಟೇಜ್ ಅಳೆಯುವ ಒಂದು ಡಿಜಿಟಲ್ ಮಲ್ಟಿಮೀಟರ್ ಇಟ್ಟುಕೊಳ್ಳಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಕೈಯಲ್ಲಿದ್ದರೆ ಊಹೆಯ ಮೇಲೆ ಹೊಸ ಬ್ಯಾಟರಿ ಕೊಳ್ಳುವ ಸಂದರ್ಭವೇ ಬರುವುದಿಲ್ಲ.

## ಶುರು ಮಾಡುವ ಮುನ್ನ: ನಿಮ್ಮ ಹತ್ತಿರ ಇರುವುದು ಯಾವ ಜಾತಿಯದು?

ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರದ ಪೆಟ್ಟಿಗೆ. ಒಳಗೆ ಮೂರು ಬೇರೆ ಬೇರೆ ಜಾತಿಗಳಿವೆ.

ಕಂಪ್ರೆಸರ್ ಫ್ರಿಜ್ ಅಂದರೆ ಮನೆಯ ಫ್ರಿಜ್‌ನ ಚಿಕ್ಕ ರೂಪ. ಓಡುವಾಗ ಸಾಮಾನ್ಯವಾಗಿ 40ರಿಂದ 60 ವಾಟ್ ಎಳೆಯುತ್ತದೆ, ತಣ್ಣಗಾದ ಮೇಲೆ ನಿಂತು ನಿಂತು ಓಡುತ್ತದೆ. ಬ್ಯಾಟರಿಗೆ ಹೇಳಿ ಮಾಡಿಸಿದ್ದು ಇದೇ.

ಥರ್ಮೋಎಲೆಕ್ಟ್ರಿಕ್ ಕೂಲರ್‌ನಲ್ಲಿ ಕಂಪ್ರೆಸರ್ ಇರುವುದಿಲ್ಲ, ಬರೀ ಫ್ಯಾನ್ ಸದ್ದು. ಬೆಲೆ ಕಡಿಮೆ. ಹೊರಗಿನ ಬಿಸಿಗಿಂತ 15ರಿಂದ 20 ಡಿಗ್ರಿ ಮಾತ್ರ ಕೆಳಗಿಳಿಸಬಲ್ಲದು, ಅದೂ ಹೆಚ್ಚಿನವು ನಿಲ್ಲದೆ ಓಡುತ್ತಲೇ ಇರುತ್ತವೆ. ಹೊರಗೆ 36 ಡಿಗ್ರಿ ಇದ್ದರೆ ಒಳಗೆ 18 ಆಸುಪಾಸು. ಅದು ಕೆಟ್ಟಿಲ್ಲ, ಅದರ ಶಕ್ತಿಯೇ ಅಷ್ಟು. ಮೀನು, ಮಾಂಸ, ಹಾಲು ಇಡುವುದಕ್ಕೆ ಅದನ್ನು ನಂಬಬೇಡಿ.

ಮೂರನೆಯದು ಗ್ಯಾಸ್‌ನಲ್ಲೂ ಓಡುವ ಅಬ್ಸಾರ್ಪ್ಶನ್ ಫ್ರಿಜ್. ಹೊರದೇಶದ ಕ್ಯಾರವಾನ್‌ಗಳಲ್ಲಿ ಜಾಸ್ತಿ. ಕರೆಂಟಿನಲ್ಲಿ ಓಡಿಸಿದರೆ ತುಂಬಾ ತಿನ್ನುತ್ತದೆ, ಸಣ್ಣ ಪವರ್ ಸ್ಟೇಷನ್ ಕೆಲವೇ ಗಂಟೆಯಲ್ಲಿ ಖಾಲಿ.

ಇನ್ನು ಮೊಬೈಲ್ ಪವರ್ ಬ್ಯಾಂಕ್. 20,000 ಎಂಎಎಚ್ ಅಂತ ಬರೆದಿರುವುದನ್ನು ನೋಡಿ ದೊಡ್ಡ ಬ್ಯಾಟರಿ ಅಂದುಕೊಳ್ಳುವವರಿದ್ದಾರೆ. ಆ ಲೆಕ್ಕ ಒಳಗಿನ 3.7 ವೋಲ್ಟ್ ಸೆಲ್‌ನದು. ವಾಟ್-ಅವರ್‌ಗೆ (ಬ್ಯಾಟರಿ ಒಟ್ಟು ಎಷ್ಟು ಶಕ್ತಿ ಹಿಡಿಯುತ್ತದೆ ಅನ್ನುವ ಲೆಕ್ಕಕ್ಕೆ) ತಿರುಗಿಸಿದರೆ 74 ಅಷ್ಟೇ. ಯುಎಸ್‌ಬಿಯಿಂದ 12 ವೋಲ್ಟ್ ತೆಗೆಯುವ ಕೇಬಲ್ ಹಾಕಿದರೂ ಸಾಮಾನ್ಯವಾಗಿ 3 ಆಂಪಿಯರ್, ಅಂದರೆ 36 ವಾಟ್‌ಗೆ ಮಿತಿ. ಫ್ರಿಜ್‌ನ ಲೈಟ್ ಉರಿಯುತ್ತದೆ, ಕಂಪ್ರೆಸರ್ ಶುರುವಾಗುವ ಹೊತ್ತಿಗೆ ಎಲ್ಲ ಆಫ್. ಇದರಲ್ಲಿ ರಿಪೇರಿ ಮಾಡುವಂಥದ್ದು ಏನೂ ಇಲ್ಲ.

## ಫ್ರಿಜ್‌ನಲ್ಲಿ ಲೈಟೇ ಬರುತ್ತಿಲ್ಲ

ಮೊದಲು ಪವರ್ ಸ್ಟೇಷನ್‌ನ ಡಿಸಿ ಬಟನ್ ನೋಡಿ. ಪರದೆಯಲ್ಲಿ ಶೇಕಡಾ ಲೆಕ್ಕ ಕಾಣುತ್ತಿದ್ದರೆ ಎಲ್ಲ ಸಾಕೆಟ್‌ಗೂ ಕರೆಂಟ್ ಇದೆ ಅಂತ ಅರ್ಥವಲ್ಲ. 12 ವೋಲ್ಟ್ ಸಾಕೆಟ್‌ಗೆ ಬೇರೆ ಬಟನ್, 230 ವೋಲ್ಟ್ ಸಾಕೆಟ್‌ಗೆ ಬೇರೆ ಬಟನ್ ಇರುತ್ತದೆ.

ಆಮೇಲೆ ಸಿಗರೇಟ್ ಲೈಟರ್ ಪ್ಲಗ್. ಒತ್ತಿ ಒಂದು ಸುತ್ತು ತಿರುಗಿಸಿ. ಲೈಟ್ ಬಂದರೆ ಲೂಸ್ ಕಾಂಟ್ಯಾಕ್ಟ್ ಅಂತ ಗೊತ್ತಾಯಿತು. ಬರದಿದ್ದರೆ ಪ್ಲಗ್ ಹೊರತೆಗೆದು ತುದಿಯ ಮುಚ್ಚಳವನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ಹೆಚ್ಚಿನ ಪ್ಲಗ್‌ಗಳಲ್ಲಿ ಒಂದು ಸಣ್ಣ ಗಾಜಿನ ಫ್ಯೂಸ್, ಒಂದು ಸ್ಪ್ರಿಂಗ್, ಒಂದು ಹಿತ್ತಾಳೆ ಮೊಳೆ ಇರುತ್ತವೆ. ಮೊಳೆಯಾಗಲಿ ಸ್ಪ್ರಿಂಗ್ ಆಗಲಿ ಹುಲ್ಲಿನ ಮೇಲೆ ಬಿದ್ದರೆ ಸಿಗುವುದಿಲ್ಲ, ಕೆಳಗೆ ಟವೆಲ್ ಹಾಸಿಕೊಂಡು ಬಿಚ್ಚಿ. ಫ್ಯೂಸಿನೊಳಗಿನ ತಂತಿ ತುಂಡಾಗಿದ್ದರೆ ಅಷ್ಟೇ ಆಂಪಿಯರ್‌ನ ಹೊಸದು ಹಾಕಿ. ಎರಡನೇ ಸಲವೂ ಸುಟ್ಟರೆ ಮೂರನೆಯದು ಹಾಕಬೇಡಿ, ಎಲ್ಲೋ ಶಾರ್ಟ್ ಇದೆ. ಫ್ಯೂಸ್ ಬದಲಿಗೆ ಬೆಳ್ಳಿ ಕಾಗದ ಸುತ್ತುವುದು, ದಪ್ಪ ಫ್ಯೂಸ್ ಹಾಕುವುದು ಖಂಡಿತ ಬೇಡ. ಬೆಂಕಿ ಹತ್ತುವುದು ಹೀಗೆಯೇ.

ಫ್ಯೂಸ್ ಸರಿ ಇದ್ದರೆ ಫ್ರಿಜ್ಜನ್ನು ಕಾರಿನ ಸಾಕೆಟ್‌ಗೆ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ ನೋಡಿ. ಅಲ್ಲಿ ಓಡಿದರೆ ತೊಂದರೆ ಪವರ್ ಸ್ಟೇಷನ್ ಕಡೆ. ಅಲ್ಲೂ ಓಡದಿದ್ದರೆ ಫ್ರಿಜ್ ಅಥವಾ ಅದರ ಕೇಬಲ್ ಕಡೆ. ಐದು ನಿಮಿಷದ ಈ ಅದಲು ಬದಲು ಅರ್ಧ ದಾರಿ ಸವೆಸಿಬಿಡುತ್ತದೆ.

ಅಮೆರಿಕದಿಂದ ಅಣ್ಣನೋ ಅಕ್ಕನೋ ತಂದುಕೊಟ್ಟ ಪವರ್ ಸ್ಟೇಷನ್ ಆಗಿದ್ದರೆ ಇಲ್ಲಿ ಸ್ವಲ್ಪ ನಿಲ್ಲಿ. ಅದರ ಎಸಿ ಸಾಕೆಟ್‌ನಲ್ಲಿ ಬರುವುದು 120 ವೋಲ್ಟ್. ನಮ್ಮ ಫ್ರಿಜ್‌ನ ಅಡಾಪ್ಟರ್ 220–240 ವೋಲ್ಟ್‌ಗೆ ಮಾತ್ರ ಆಗಿದ್ದರೆ ಓಡುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಚಾರ್ಜ್ ಮಾಡುವಾಗಿನದು. ಚಾರ್ಜಿಂಗ್ ಇನ್‌ಪುಟ್ ಪಕ್ಕದಲ್ಲಿ 100–120 ವೋಲ್ಟ್ ಅಂತಷ್ಟೇ ಬರೆದಿದ್ದರೆ ಅದನ್ನು ಮನೆಯ 230 ವೋಲ್ಟ್ ಪ್ಲಗ್‌ಗೆ ಹಾಕಲೇಬೇಡಿ, ಒಳಗಿನ ಚಾರ್ಜರ್ ಸುಟ್ಟುಹೋಗುತ್ತದೆ. 100–240 ಅಂತ ಇದ್ದರೆ ಮಾತ್ರ ಸರಿ. ಅಂಥ ಸ್ಟೇಷನ್‌ನಲ್ಲೂ 12 ವೋಲ್ಟ್ ಡಿಸಿ ಸಾಕೆಟ್ ಇಲ್ಲಿಯಂತೆಯೇ ಇರುತ್ತದೆ, ಫ್ರಿಜ್‌ಗೆ ಅದನ್ನೇ ಬಳಸಿ.

## ಲೈಟ್ ಬರುತ್ತದೆ, ಕಂಪ್ರೆಸರ್ ಗುರ್ ಅಂದು ನಿಂತುಬಿಡುತ್ತದೆ

ಜನ ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಕಂಪ್ರೆಸರ್ ಶುರುವಾಗುತ್ತದೆ, ಕೆಲವು ಸೆಕೆಂಡ್ ಓಡುತ್ತದೆ, ಟಕ್ ಅಂತ ನಿಲ್ಲುತ್ತದೆ. ಒಂದು ನಿಮಿಷ ಬಿಟ್ಟು ಮತ್ತೆ ಅದೇ ಕಥೆ. ಪರದೆಯಲ್ಲಿ ಇ1 ಅಂತ ಬರಬಹುದು. ಹಲವು ಫ್ರಿಜ್‌ಗಳಲ್ಲಿ ಇ1 ಅಂದರೆ ವೋಲ್ಟೇಜ್ ಸಾಲುತ್ತಿಲ್ಲ ಅಂತ. ನಿಮ್ಮ ಫ್ರಿಜ್‌ನ ಪುಸ್ತಕದಲ್ಲಿ ಒಮ್ಮೆ ನೋಡಿಕೊಳ್ಳಿ. ಸೆಕಾಪ್ ಕಂಪನಿಯ (ಮೊದಲು ಡ್ಯಾನ್‌ಫಾಸ್) ಬಿಡಿ35 (BD35) ಥರದ ಕಂಪ್ರೆಸರ್ ಇದ್ದು, ಅದಕ್ಕೆ ಎಲ್‌ಇಡಿ ಜೋಡಿಸಿದ್ದರೆ ಮಿನುಗುವ ಲೆಕ್ಕದಲ್ಲೇ ಉತ್ತರ ಇರುತ್ತದೆ: ಒಂದು ಸಲ ಮಿನುಗಿದರೆ ಬ್ಯಾಟರಿ ವೋಲ್ಟೇಜ್, ಎರಡು ಸಲ ಆದರೆ ಫ್ಯಾನ್, ಮೂರು ಸಲ ಆದರೆ ಕಂಪ್ರೆಸರ್ ಶುರುವಾಗಲು ಒದ್ದಾಡುತ್ತಿದೆ, ಐದು ಸಲ ಆದರೆ ಕಂಟ್ರೋಲ್ ಬೋರ್ಡ್ ಬಿಸಿಯಾಗಿದೆ.

ಪವರ್ ಸ್ಟೇಷನ್ 80 ಪರ್ಸೆಂಟ್ ತೋರಿಸುತ್ತಿರುವಾಗ ವೋಲ್ಟೇಜ್ ಹೇಗೆ ಕಡಿಮೆಯಾಯಿತು? ಮೊದಲ ಕಾರಣ ಫ್ರಿಜ್‌ನಲ್ಲೇ ಇರುವ ಬ್ಯಾಟರಿ ಪ್ರೊಟೆಕ್ಷನ್ ಸೆಟ್ಟಿಂಗ್. ಹೈ, ಮೀಡಿಯಂ, ಲೋ ಅಂತ ಮೂರು ಹಂತ ಇರುತ್ತವೆ. ಇದನ್ನು ಮಾಡಿದ್ದು ಕಾರಿನ ಬ್ಯಾಟರಿ ಪೂರ್ತಿ ಬರಿದಾಗಿ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದೇ ಹೋಗಬಾರದು ಅಂತ. ಹೈನಲ್ಲಿದ್ದರೆ 11 ವೋಲ್ಟ್ ಆಸುಪಾಸಿನಲ್ಲೇ ಫ್ರಿಜ್ ತಾನಾಗಿ ನಿಲ್ಲುತ್ತದೆ, ಕೆಲವು ಮಾದರಿಗಳಲ್ಲಿ ಇನ್ನೂ ಮೇಲೆಯೇ. ನಿಂತ ಮೇಲೆ ಮತ್ತೆ ಶುರುವಾಗಲು ಅದಕ್ಕಿಂತ ಒಂದಿಷ್ಟು ಜಾಸ್ತಿ ವೋಲ್ಟೇಜ್ ಬೇಕು. ಪವರ್ ಸ್ಟೇಷನ್‌ಗೆ ತನ್ನದೇ ಕಾವಲು ಸರ್ಕ್ಯೂಟ್ ಇರುತ್ತದೆ, ಹಾಗಾಗಿ ಲೋಗೆ ಇಳಿಸಿದರೆ ಏನೂ ತೊಂದರೆಯಿಲ್ಲ. ಆದರೆ ಅದೇ ಫ್ರಿಜ್ಜನ್ನು ಮತ್ತೆ ಕಾರಿನ ಸಾಕೆಟ್‌ಗೆ ಹಾಕುವಾಗ ಮರೆಯದೆ ಹೈಗೆ ಏರಿಸಿ.

ಎರಡನೇ ಕಾರಣ ಬ್ಯಾಟರಿಯ ಒಳಗಿನ ರಚನೆ. ಅಗ್ಗದ ಕೆಲವು ಪ್ಯಾಕ್‌ಗಳಲ್ಲಿ ಮೂರು ಲಿಥಿಯಂ-ಅಯಾನ್ ಸೆಲ್ ಸಾಲಾಗಿ ಜೋಡಿಸಿ ನೇರವಾಗಿ ಸಾಕೆಟ್‌ಗೆ ಕೊಟ್ಟಿರುತ್ತಾರೆ. ತುಂಬಿದಾಗ 12.6 ವೋಲ್ಟ್, ಅರ್ಧ ಇಳಿದಾಗಲೇ 11ರ ಹತ್ತಿರ. ಒಳ್ಳೆಯ ಪವರ್ ಸ್ಟೇಷನ್‌ಗಳು ಕೊನೆಯವರೆಗೂ ಒಂದೇ ಸಮನೆ 12ರಿಂದ 13.6 ವೋಲ್ಟ್ ಒಳಗೆ ಕೊಡುತ್ತವೆ. ನಾಲ್ಕು ಸೆಲ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೂ ಹೆಚ್ಚಿನ ಹೊತ್ತು 13 ವೋಲ್ಟ್ ಸುತ್ತಲೇ ಇರುತ್ತದೆ. ಕೊಳ್ಳುವಾಗ 12 ವೋಲ್ಟ್ ಔಟ್‌ಪುಟ್ ರೆಗ್ಯುಲೇಟೆಡ್ (ಹೀಗೆ ಒಂದೇ ಸಮನೆ ಬರುವಂಥದ್ದು) ಹೌದೋ ಅಲ್ಲವೋ ಕೇಳಿ. ಎಷ್ಟು ವಾಟ್-ಅವರ್ ಅನ್ನುವಷ್ಟೇ ಮುಖ್ಯವಾದ ಪ್ರಶ್ನೆ ಇದು.

ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಸಾಮಾನ್ಯವಾದದ್ದು, ವೈರಿನಲ್ಲಿ ಸೋರಿಹೋಗುವ ವೋಲ್ಟೇಜ್. ಟೆಂಟ್ ಹತ್ತಿರ ಫ್ರಿಜ್, ಕಾರಿನಲ್ಲಿ ಬ್ಯಾಟರಿ, ನಡುವೆ ನಾಲ್ಕು ಮೀಟರ್‌ನ ತೆಳ್ಳಗಿನ ಎಕ್ಸ್‌ಟೆನ್ಶನ್. ಲೆಕ್ಕ ಹಾಕಿ ನೋಡೋಣ. 1 ಎಂಎಂ (ಚದರ ಮಿಲಿಮೀಟರ್) ವೈರು, ಹೋಗಿ ಬರಲು ಒಟ್ಟು 8 ಮೀಟರ್. ಇದರ ತಡೆ ಸುಮಾರು 0.14 ಓಮ್. ಫ್ರಿಜ್ 5 ಆಂಪಿಯರ್ ಎಳೆದರೆ 0.7 ವೋಲ್ಟ್ ವೈರಿನಲ್ಲೇ ಹೋಯಿತು. ಶುರುವಾಗುವ ಗಳಿಗೆಯಲ್ಲಿ ಇನ್ನೂ ಜಾಸ್ತಿ ಎಳೆದರೆ ಇಳಿತವೂ ಅಷ್ಟೇ ಜಾಸ್ತಿ. ಮೇಲೆ ಎರಡು ಸಡಿಲ ಪ್ಲಗ್‌ಗಳ ಪಾಲು ಬೇರೆ. ಅದೇ ಜಾಗಕ್ಕೆ ಎರಡೂವರೆ ಎಂಎಂ ವೈರು ಹಾಕಿದರೆ ನಷ್ಟ 0.28 ವೋಲ್ಟ್‌ಗೆ ಇಳಿಯುತ್ತದೆ. 230 ವೋಲ್ಟ್‌ನಲ್ಲಿ ಅರ್ಧ ವೋಲ್ಟ್ ಯಾರಿಗೂ ಲೆಕ್ಕಕ್ಕಿಲ್ಲ. 12ರಲ್ಲಿ ಅದು ಫ್ರಿಜ್ ಓಡುವುದಕ್ಕೂ ನಿಲ್ಲುವುದಕ್ಕೂ ಇರುವ ವ್ಯತ್ಯಾಸ.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಮಲ್ಟಿಮೀಟರ್ ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕಂಪ್ರೆಸರ್ ನಿಂತಿರುವಾಗ ಒಮ್ಮೆ, ಓಡುತ್ತಿರುವಾಗ ಇನ್ನೊಮ್ಮೆ ಅಳೆಯಿರಿ. ಅಳೆಯಬೇಕಾದ್ದು ಫ್ರಿಜ್ ತುದಿಯಲ್ಲಿ. ಸುಮ್ನೆ ಬ್ಯಾಟರಿ ಹತ್ತಿರ ಅಳೆದು ಸರಿ ಇದೆ ಅಂದುಕೊಳ್ಳಬೇಡಿ, ವೈರಿನ ನಷ್ಟ ಅಲ್ಲಿ ಕಾಣುವುದಿಲ್ಲ. ಕೆಲವು ಫ್ರಿಜ್‌ಗಳು ತಮಗೆ ಬರುತ್ತಿರುವ ವೋಲ್ಟೇಜನ್ನು ಪರದೆಯಲ್ಲೋ ಮೊಬೈಲ್ ಆ್ಯಪ್‌ನಲ್ಲೋ ತೋರಿಸುತ್ತವೆ, ಆಗ ಮೀಟರ್ ಕೂಡ ಬೇಡ. ನಿಂತಾಗ 13.2, ಓಡುವಾಗ 12.8 ಇದ್ದರೆ ವೈರು ಚೆನ್ನಾಗಿದೆ. ನಿಂತಾಗ 13.2, ಓಡುವಾಗ 11.5 ಅಂತ ಬಂದರೆ ಕಳ್ಳ ಸಿಕ್ಕಿದ ಹಾಗೆ. ಎಕ್ಸ್‌ಟೆನ್ಶನ್ ತೆಗೆದು ಫ್ರಿಜ್ಜನ್ನೇ ಬ್ಯಾಟರಿ ಪಕ್ಕಕ್ಕೆ ತನ್ನಿ.

ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ ಮುಟ್ಟಿ ನೋಡುವ ಅಭ್ಯಾಸವೂ ಇರಲಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ, ಪ್ಲಾಸ್ಟಿಕ್ ಮೆತ್ತಗಾಗಿದೆ, ಕಂದು ಬಣ್ಣ ತಿರುಗಿದೆ ಅಂದರೆ ತಕ್ಷಣ ಕಳಚಿ. ಆ ಪ್ಲಗ್ ಮತ್ತೆ ಬಳಸುವಂತಿಲ್ಲ.

## ರಾತ್ರಿ ಚೆನ್ನಾಗಿತ್ತು, ಬೆಳಗ್ಗೆ ಎದ್ದರೆ ಎಲ್ಲ ಆಫ್

ಬ್ಯಾಟರಿ ನೋಡಿದರೆ ಇನ್ನೂ 70 ಪರ್ಸೆಂಟ್. ಫ್ರಿಜ್ ಒಳಗೆ ಹಾಲು ಬೆಚ್ಚಗೆ. ಬಹುಪಾಲು ಇದು ಪವರ್ ಸ್ಟೇಷನ್‌ನ ಇಕೋ ಮೋಡ್ ಅಥವಾ ಆಟೋ ಆಫ್ ಟೈಮರ್ ಕೆಲಸ. ಯಾರೂ ಕರೆಂಟ್ ಬಳಸುತ್ತಿಲ್ಲ ಅನ್ನಿಸಿದರೆ ಅದು ಔಟ್‌ಪುಟ್ ಬಂದ್ ಮಾಡುತ್ತದೆ. ರಾತ್ರಿ ಹೊರಗೆ ತಂಪು, ಮುಚ್ಚಳ ಯಾರೂ ತೆಗೆಯುವುದಿಲ್ಲ, ಕಂಪ್ರೆಸರ್ ತುಂಬಾ ಹೊತ್ತು ಸುಮ್ಮನಿರುತ್ತದೆ. ಆಗ ಫ್ರಿಜ್ ಎಳೆಯುವುದು ಒಂದೆರಡು ವಾಟ್ ಮಾತ್ರ. ಮಡಿಕೇರಿಯ ಚಳಿಯಲ್ಲಿ ಹೀಗಾಗುವ ಸಂಭವ ಮಂಗಳೂರಿನ ಸೆಕೆಗಿಂತ ಜಾಸ್ತಿ.

ಸೆಟ್ಟಿಂಗ್‌ನಲ್ಲಿ ಇಕೋ ಆಫ್ ಮಾಡಿ, ಡಿಸಿ ಟೈಮರ್ ಇದ್ದರೆ ‘ನೆವರ್’ಗೆ ಇಡಿ. ಮನೆಯಲ್ಲೇ ಒಂದು ರಾತ್ರಿ ಪರೀಕ್ಷಿಸಿ, ಕಾಡಿನಂಚಿನಲ್ಲಿ ಅಲ್ಲ.

ಎಷ್ಟು ಹೊತ್ತು ಆಫ್ ಇತ್ತು ಅಂತ ಗೊತ್ತಿಲ್ಲದಿದ್ದರೆ ಒಳಗಿನ ಮಾಂಸ, ಮೀನು, ಮಸಾಲೆ ಹಚ್ಚಿಟ್ಟ ಚಿಕನ್ ಎಸೆಯಿರಿ. 5 ಡಿಗ್ರಿಗಿಂತ ಮೇಲೆ ಎರಡು ಗಂಟೆ ಕಳೆದ ಮಾಂಸವನ್ನು ಮೂಸಿ ನೋಡಿ ನಿರ್ಧರಿಸಲು ಆಗುವುದಿಲ್ಲ. ಇನ್ಸುಲಿನ್ ಇಟ್ಟವರಿಗೆ ಇನ್ನೊಂದು ಮಾತು: ಅದಕ್ಕೆ ಬೇಕಾದ್ದು 2ರಿಂದ 8 ಡಿಗ್ರಿ, ಹೆಪ್ಪುಗಟ್ಟಿದರೂ ಕೆಟ್ಟಂತೆಯೇ. ಔಷಧಿಯನ್ನು ಈ ಒಂದು ಜೋಡಿಯ ಮೇಲಷ್ಟೇ ಬಿಡಬೇಡಿ, ಜೊತೆಗೊಂದು ಥರ್ಮಾಮೀಟರ್ ಮತ್ತು ಬದಲಿ ವ್ಯವಸ್ಥೆ ಇರಲಿ.

## ಬ್ಯಾಟರಿ ಹೇಳಿದ್ದಕ್ಕಿಂತ ಬೇಗ ಖಾಲಿ

500 ವಾಟ್-ಅವರ್ ಅಂತ ಡಬ್ಬಿಯ ಮೇಲಿದ್ದರೆ 12 ವೋಲ್ಟ್ ಸಾಕೆಟ್‌ನಿಂದ ಕೈಗೆ ಸಿಗುವುದು 425ರ ಸುತ್ತಮುತ್ತ ಅಂದುಕೊಳ್ಳಿ. 45 ವಾಟ್‌ನ ಫ್ರಿಜ್ ಹತ್ತರಲ್ಲಿ ಮೂರು ಪಾಲು ಹೊತ್ತು ಓಡಿದರೆ ಸರಾಸರಿ 13.5 ವಾಟ್. ಒಂದು ದಿನ ದಾಟಿ ಬರುತ್ತದೆ. ಅದೇ ಫ್ರಿಜ್ ಗೋಕರ್ಣದ ಏಪ್ರಿಲ್ ಮಧ್ಯಾಹ್ನದಂಥ ಸೆಕೆಯಲ್ಲಿ ಹತ್ತರಲ್ಲಿ ಆರು ಪಾಲು ಓಡಿದರೆ 27 ವಾಟ್. 15–16 ಗಂಟೆಗೆ ಮುಗಿಯಿತು. ಎರಡೂ ಸಲ ಬ್ಯಾಟರಿ ಒಂದೇ.

ಇದಕ್ಕಿಂತಲೂ ಬೇಗ ಖಾಲಿಯಾಗುತ್ತಿದ್ದರೆ ಫ್ರಿಜ್ಜನ್ನು 230 ವೋಲ್ಟ್ ಸಾಕೆಟ್‌ಗೆ ಹಾಕಿದ್ದೀರಾ ನೋಡಿ. ಅಲ್ಲಿ ಇನ್ವರ್ಟರ್ 12ನ್ನು 230 ಮಾಡುತ್ತದೆ, ಫ್ರಿಜ್‌ನ ಅಡಾಪ್ಟರ್ ಮತ್ತೆ 230ನ್ನು 12ಕ್ಕೆ ಇಳಿಸುತ್ತದೆ. ಎರಡು ಕಡೆ ನಷ್ಟ. ಜೊತೆಗೆ ಫ್ರಿಜ್ ನಿಂತಿರುವಾಗಲೂ ಇನ್ವರ್ಟರ್ ತನಗಾಗಿಯೇ ತಿನ್ನುತ್ತಿರುತ್ತದೆ. ಅದು 10 ವಾಟ್ ಅಂದರೂ ದಿನಕ್ಕೆ 240 ವಾಟ್-ಅವರ್. ಅರ್ಧ ಬ್ಯಾಟರಿ ಸುಮ್ನೆ ಹೋಯಿತು, ಅಲ್ವಾ?

ಇನ್ನೊಂದು ಕಾರಣ ಬೆಚ್ಚಗಿನ ಸಾಮಾನು. 10 ಲೀಟರ್ ನೀರನ್ನು 30 ಡಿಗ್ರಿಯಿಂದ 5ಕ್ಕೆ ಇಳಿಸಬೇಕಾದರೆ ಸುಮಾರು 290 ವಾಟ್-ಅವರ್‌ನಷ್ಟು ಶಾಖ ಹೊರಹಾಕಬೇಕು. ಆ ಕೆಲಸವನ್ನು ಮನೆಯ ಕರೆಂಟಿನಲ್ಲಿ ಹಿಂದಿನ ರಾತ್ರಿಯೇ ಮುಗಿಸಿ. ತಣ್ಣಗಿನ ಫ್ರಿಜ್, ತಣ್ಣಗಿನ ಬಾಟಲಿ ಹೊತ್ತು ಹೊರಟರೆ ಬ್ಯಾಟರಿಗೆ ಉಳಿಯುವುದು ತಂಪನ್ನು ಕಾಯುವ ಕೆಲಸ ಮಾತ್ರ.

ಇದೆಲ್ಲ ಸರಿಯಿದ್ದೂ ಪರ್ಸೆಂಟ್ 40ರಿಂದ ಸೀದಾ 5ಕ್ಕೆ ಬೀಳುತ್ತಿದ್ದರೆ ಒಮ್ಮೆ ಪೂರ್ತಿ ಖಾಲಿ ಮಾಡಿ, ಪೂರ್ತಿ ತುಂಬಿಸಿ. ಲೆಕ್ಕದ ತಪ್ಪಾಗಿದ್ದರೆ ಸರಿಹೋಗುತ್ತದೆ. ಆಮೇಲೂ ಹಾಗೆಯೇ ಇದ್ದರೆ ಸೆಲ್‌ಗಳೇ ದಣಿದಿವೆ, ಸರ್ವಿಸ್‌ಗೆ ಕೊಡಿ.

## ಓಡುತ್ತಲೇ ಇದೆ, ತಣ್ಣಗಾಗುತ್ತಿಲ್ಲ

ಫ್ರಿಜ್ ಪಕ್ಕದ ಜಾಲರಿ ಹತ್ತಿರ ಕೈ ಹಿಡಿಯಿರಿ. ಬಿಸಿ ಗಾಳಿ ಹೊರಬರುತ್ತಿರಬೇಕು. ಡಿಕ್ಕಿಯಲ್ಲಿ ಚಾಪೆ, ಹಾಸಿಗೆ, ಬ್ಯಾಗ್ ಒತ್ತರಿಸಿ ಜಾಲರಿ ಮುಚ್ಚಿದ್ದರೆ ಎಷ್ಟು ಓಡಿದರೂ ಪ್ರಯೋಜನವಿಲ್ಲ. ಸುತ್ತ ನಾಲ್ಕು ಬೆರಳಿಗಿಂತ ಜಾಸ್ತಿ ಜಾಗ ಬಿಡಿ. ಜಾಲರಿಗೆ ಕೆಮ್ಮಣ್ಣಿನ ಧೂಳು ಮೆತ್ತಿಕೊಂಡಿದ್ದರೆ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ.

ಮುಚ್ಚಳದ ರಬ್ಬರ್ ನೋಡಲು ಒಂದು ನೋಟು ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿಂದಲೇ ತಂಪು ಹೋಗುತ್ತಿದೆ. ಪ್ರಯಾಣದಲ್ಲಿ ಫ್ರಿಜ್ ಅಡ್ಡ ಮಲಗಿತ್ತೇ? ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಆಮೇಲೆ ಹಚ್ಚಿ, ಕಂಪ್ರೆಸರ್ ಎಣ್ಣೆ ತನ್ನ ಜಾಗಕ್ಕೆ ಇಳಿಯಬೇಕು.

ಗಾಳಿ ಸರಿ, ರಬ್ಬರ್ ಸರಿ, ವೋಲ್ಟೇಜ್ ಸರಿ, ಒಂದು ಗಂಟೆ ಖಾಲಿ ಓಡಿಸಿದರೂ ಒಳಗೋಡೆ ತಣ್ಣಗೇ ಆಗಿಲ್ಲ ಅಂದರೆ ತಂಪು ಮಾಡುವ ಗ್ಯಾಸ್ ಸೋರಿರಬಹುದು. ಅದು ನಮ್ಮ ನಿಮ್ಮ ಕೆಲಸವಲ್ಲ. ಹಿಂದಿನ ಲೇಬಲ್‌ನಲ್ಲಿ ಆರ್600ಎ ಅಂತಿದ್ದರೆ ಒಳಗಿರುವುದು ಹೊತ್ತಿಕೊಳ್ಳುವ ಗ್ಯಾಸ್. ಗಾಳಿಯಾಡುವ ಕಡೆ ಇಡಿ, ಹತ್ತಿರ ಒಲೆ ಹಚ್ಚಬೇಡಿ. ಐಸ್ ಕೀಳಲು ಚಾಕು ಹಾಕುವುದನ್ನು ಯಾವ ಫ್ರಿಜ್‌ನಲ್ಲೂ ಮಾಡಬೇಡಿ.

## ಸೋಲಾರ್ ಹಾಕಿದರೂ ಚಾರ್ಜ್ ಏರುತ್ತಿಲ್ಲ

100 ವಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ 60–70 ವಾಟ್ ಕೊಟ್ಟರೆ ಖುಷಿಪಡಿ. ಕಾಫಿ ತೋಟದ ಮರದಡಿಯಲ್ಲಿ, ಮಳೆಗಾಲದ ಮೋಡದಲ್ಲಿ ಅದರ ಕಾಲುಭಾಗವೂ ಬರದೇ ಹೋಗಬಹುದು. ಒಂದು ಕೊಂಬೆಯ ನೆರಳು ಸಾಕು, ಇಡೀ ಪ್ಯಾನೆಲ್ ಕೊಡುವ ಕರೆಂಟ್ ಕುಸಿಯುತ್ತದೆ. ಎರಡು ಪ್ಯಾನೆಲ್ ಸರಣಿಯಲ್ಲಿ (ಒಂದರ ಹಿಂದೆ ಒಂದು, ಸೀರೀಸ್) ಜೋಡಿಸುವ ಮುನ್ನ ಪವರ್ ಸ್ಟೇಷನ್‌ನ ಗರಿಷ್ಠ ಇನ್‌ಪುಟ್ ವೋಲ್ಟೇಜ್ ಓದಿ. ಒಂದೊಂದು 22 ವೋಲ್ಟ್ ಆದರೆ ಎರಡು ಸೇರಿ 44. ಮಿತಿ 28 ಇರುವ ಸ್ಟೇಷನ್‌ನ ಒಳಭಾಗ ಸುಟ್ಟುಹೋಗಬಹುದು.

ಲಡಾಖ್, ಸ್ಪಿತಿ ಕಡೆ ಬೆಳಗಿನ ಚಳಿಯಲ್ಲಿ ಚಾರ್ಜ್ ಆಗದಿದ್ದರೆ ಗಾಬರಿ ಬೇಡ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿ ಚಾರ್ಜ್ ತೆಗೆದುಕೊಳ್ಳಬಾರದು, ಅದರ ಸರ್ಕ್ಯೂಟ್ ತಡೆಯುತ್ತದೆ. ಬೆಚ್ಚಗಾದ ಮೇಲೆ ತಾನೇ ಶುರುವಾಗುತ್ತದೆ. ನಮ್ಮ ಕಡೆ ಇದರ ಉಲ್ಟಾ: ಬಿಸಿಲಿಗೆ ನಿಲ್ಲಿಸಿ ಗಾಜು ಏರಿಸಿದ ಕಾರಿನಲ್ಲಿ ಬ್ಯಾಟರಿ ಕಾದು ಬಂದ್ ಆಗುತ್ತದೆ. ನೆರಳಿಗೆ ತನ್ನಿ, ತಣಿಯಲು ಬಿಡಿ. ಫ್ರಿಜ್ ಒಳಗಿಟ್ಟು ತಣಿಸಬೇಡಿ, ಒಳಗೆ ನೀರು ಹನಿಗಟ್ಟುತ್ತದೆ.

## ಇವು ಕಂಡರೆ ಅಲ್ಲಿಗೇ ನಿಲ್ಲಿಸಿ

ಬ್ಯಾಟರಿ ಪೆಟ್ಟಿಗೆ ಉಬ್ಬಿದೆ. ಸಿಹಿಯಾದ ಅಥವಾ ಘಾಟು ವಾಸನೆ. ಬುಸ್ ಅನ್ನುವ ಸದ್ದು. ಏನೂ ಹಾಕದೇ ಇದ್ದರೂ ಬಿಸಿ. ಕೆಳಗೆ ಬಿದ್ದ ಮೇಲೆ, ನೀರಲ್ಲಿ ನೆಂದ ಮೇಲೆ ವಿಚಿತ್ರ ವರ್ತನೆ. ಇವುಗಳಲ್ಲಿ ಒಂದು ಕಂಡರೂ ಚಾರ್ಜ್ ಮಾಡಬೇಡಿ, ಮತ್ತೆ ಆನ್ ಮಾಡಿ ನೋಡೋಣ ಅನ್ನಬೇಡಿ. ಕೈ ಇಡುವಷ್ಟು ತಣ್ಣಗಿದ್ದರೆ ಮಾತ್ರ ಟೆಂಟು, ಕಾರು, ಒಣಹುಲ್ಲಿನಿಂದ ದೂರ ಬಯಲಿಗೆ ಒಯ್ದಿಡಿ. ಹೊಗೆ ಬರುತ್ತಿದ್ದರೆ ಮುಟ್ಟದೆ ಎಲ್ಲರನ್ನೂ ದೂರ ಕರೆದುಕೊಂಡು ಹೋಗಿ, ಹೊಗೆ ಉಸಿರಾಡಬೇಡಿ, 101 ಅಥವಾ 112ಕ್ಕೆ ಫೋನ್ ಮಾಡಿ. ಆರಿದಂತೆ ಕಂಡ ಬೆಂಕಿ ಮತ್ತೆ ಹೊತ್ತಿಕೊಳ್ಳಬಹುದು.

ಪವರ್ ಸ್ಟೇಷನ್ ಬಿಚ್ಚುವುದು ಯಾವ ಕಾರಣಕ್ಕೂ ಬೇಡ. ಒಳಗೆ 230 ವೋಲ್ಟ್ ಇನ್ವರ್ಟರ್ ಇದೆ, ಸ್ವಿಚ್ ಆಫ್ ಆದರೂ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಮಲಗುವ ಟೆಂಟಿನೊಳಗೆ ಅದನ್ನು ಇಡಬೇಡಿ.

ಸರ್ವಿಸ್ ಸೆಂಟರ್‌ಗೆ ಹೋಗುವುದೇ ಆದರೆ ಬರಿಗೈಯಲ್ಲಿ ಹೋಗಬೇಡಿ. ಎರರ್ ಕೋಡ್, ಫ್ರಿಜ್ ತುದಿಯ ಎರಡೂ ವೋಲ್ಟೇಜ್, ಯಾವ ಸಾಕೆಟ್, ಕೇಬಲ್ ಎಷ್ಟು ಉದ್ದ, ಕಾರಿನ ಸಾಕೆಟ್‌ನಲ್ಲಿ ಓಡಿತೋ ಇಲ್ಲವೋ ಬರೆದಿಟ್ಟುಕೊಳ್ಳಿ. ಕಂಪ್ರೆಸರ್ ಶುರುವಾಗಿ ನಿಲ್ಲುವ ಸದ್ದಿನ ಒಂದು ಚಿಕ್ಕ ವಿಡಿಯೊ ಇರಲಿ. ಕೇಬಲ್, ಪ್ಲಗ್ ಸಮೇತ ಕೊಡಿ. ಬರೀ ಫ್ರಿಜ್ ಕೊಟ್ಟರೆ ಅಲ್ಲಿನ ಬೆಂಚಿನ ಮೇಲೆ ಚೆನ್ನಾಗಿಯೇ ಓಡಿ, ಏನೂ ತೊಂದರೆಯಿಲ್ಲ ಅಂತ ವಾಪಸ್ ಬರುತ್ತದೆ.